ನಾಲ್ಕು ಬೆರಳಷ್ಟು ದೂರ

ನಾನು ನಿಂತಿದ್ದು ಇಳಕಲ್ಲಿನ ನಮ್ಮ ಮನೆಯಲ್ಲಿ, ಅಡುಗೆಮನೆಗೂ ಮಗ್ಗದ ಕೋಣೆಗೂ ನಡುವಿನ ಹೊಸ್ತಿಲ ಮೇಲೆ. ಎಡಗಾಲು ಮಗ್ಗದ ಕಡೆ ಇತ್ತು, ಬಲಗಾಲು ಒಲೆಯ ಕಡೆ. ದಸರೆ ಮುಗಿದ ಮೇಲೆ ಬಂದ ಮೊದಲ ಸೋಮವಾರ, ಬೆಳಿಗ್ಗೆ ಹತ್ತೂಕಾಲು. ಎರಡು ವರ್ಷದ ಹಿಂದಿನ ಮಾತು. ಹೊಸ್ತಿಲಿನಿಂದ ಮಗ್ಗದ ಕುಣಿಯ ಅಂಚಿಗೆ ಏಳು ಅಡಿ. ಅಂದಾಜಿನಲ್ಲಿ ಹೇಳುತ್ತಿಲ್ಲ. ನಾನು ಹೊಲಗಳ ಸರ್ವೆ ಮಾಡುವ ಕೆಲಸದವನು. ಆಮೇಲೆ ಒಂದು ದಿನ ಟೇಪು ಹಿಡಿದು ಅಳೆದೆ.

ಅಣ್ಣ ಕುಣಿಯ ಅಂಚಿನಲ್ಲಿ ನಿಂತಿದ್ದ. ಅವನ ಬೆನ್ನಿನ ಆಪರೇಶನ್ ಆಗಿ ಹನ್ನೊಂದು ತಿಂಗಳಾಗಿತ್ತು. ಸೊಂಟದ ಮಟ್ಟದಲ್ಲಿ ಎರಡು ಎಲುಬುಗಳ ನಡುವೆ ಸವೆದುಹೋಗಿದ್ದ ಡಿಸ್ಕ್ ತೆಗೆದು, ಸ್ಕ್ರೂ ಹಾಕಿ, ಎರಡೂ ಎಲುಬುಗಳನ್ನು ಒಂದಾಗಿ ಕೂಡಿಸಿದ್ದರು. ಅವನು ಮತ್ತೆ ಮಗ್ಗಕ್ಕೆ ಕೂಡಬಲ್ಲನೋ ಇಲ್ಲವೋ ಎಂಬುದು ಆ ದಿನ ತಿಳಿಯಬೇಕಿತ್ತು. ತಿಳಿದದ್ದೇನು ಎಂದು ಹೇಳುವ ಮೊದಲು, ನಾವು ಅಲ್ಲಿಗೆ ಬಂದು ನಿಂತದ್ದು ಹೇಗೆ ಎಂದು ಹೇಳಬೇಕು. ಅದರಲ್ಲಿ ನನ್ನದೂ ಪಾಲಿದೆ.

ನಮ್ಮದು ಕುಣಿ ಮಗ್ಗ. ನೇಯುವವನು ನೆಲದಲ್ಲಿ ತೋಡಿದ ಕುಣಿಯ ಅಂಚಿಗೆ ಕೂತು, ಕಾಲು ಒಳಗೆ ಇಳಿಬಿಟ್ಟು ಹಲಗೆ ತುಳಿಯುತ್ತಾನೆ. ಆ ಕುಣಿಯನ್ನು ಅಪ್ಪ ತನ್ನ ಕಾಲಿನ ಅಳತೆಗೆ ತೋಡಿಸಿದ್ದ. ಅಣ್ಣ ಹನ್ನೆರಡನೆಯ ವಯಸ್ಸಿನಲ್ಲಿ ಮೊದಲ ಸಲ ಅದಕ್ಕೆ ಇಳಿದಾಗ ಅವನ ಕಾಲು ಹಲಗೆಗೆ ಎಟುಕಲಿಲ್ಲ. ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ ಹಲಗೆಯ ಮೇಲೆ ಕಟ್ಟಿದರು. ನಾನು ಅವನಿಗಿಂತ ಎರಡು ವರ್ಷ ಚಿಕ್ಕವನು. ಇರುವುದು ಒಂದೇ ಮಗ್ಗ, ಅದಕ್ಕೆ ಒಬ್ಬ ಮಗ ಸಾಕು ಎಂದು ನನ್ನನ್ನು ಶಾಲೆಯಲ್ಲಿಯೇ ಬಿಟ್ಟರು. ಆ ದಿನದಿಂದ ಮಗ್ಗದ ವಿಷಯದಲ್ಲಿ ನಾನು ಮಾತಾಡುವ ಹಾಗಿರಲಿಲ್ಲ. ಯಾರೂ ಹೇಳಿ ಮಾಡಿದ ಕಟ್ಟಳೆಯಲ್ಲ ಅದು. ಕೂತವರು ಮಾತಾಡುತ್ತಿದ್ದರು, ಕೂಡದವರು ಕೇಳುತ್ತಿದ್ದರು.

ಇಳಕಲ್ ಸೀರೆಯ ಮೈಗೆ ಉದ್ದೆಳೆಗಳ ಒಂದು ಹಾಸು, ಸೆರಗಿಗೆ ಬೇರೆ ಹಾಸು. ಎರಡನ್ನೂ ಕೂಡಿಸಲು ಮೈಯ ಒಂದೊಂದು ಎಳೆಯ ಕುಣಿಕೆಯಲ್ಲಿ ಸೆರಗಿನ ಒಂದೊಂದು ಎಳೆಯ ಕುಣಿಕೆಯನ್ನು ಸಿಕ್ಕಿಸುತ್ತ ಹೋಗಬೇಕು. ಕೊಂಡಿ ಎನ್ನುತ್ತೇವೆ. ಬೆರಳಿನಿಂದಲೇ ಮಾಡುವ ಕೆಲಸ. ಎದೆಯನ್ನು ಮುಂದಿನ ತೊಲೆಗೆ ಒತ್ತಿ, ಎರಡೂ ಕೈ ಚಾಚಿ, ಗಂಟೆಗಟ್ಟಲೆ ಬಗ್ಗಿಯೇ ಇರಬೇಕು. ಅಣ್ಣನ ಕೊಂಡಿ ಓಣಿಯಲ್ಲಿ ಹೆಸರಾಗಿತ್ತು. ಬೇರೆಯವರ ಮಗ್ಗದಲ್ಲಿ ಕೊಂಡಿ ಕೂಡದಿದ್ದಾಗ ಅವನನ್ನು ಕರೆದುಕೊಂಡು ಹೋಗುತ್ತಿದ್ದರು. ಅವನು ತಲೆ ಮೇಲೆತ್ತದೆ ಅರ್ಧ ದಿನ ಬಗ್ಗಿ ಕೂತು ಮುಗಿಸಿ, ಒಂದು ಕಪ್ ಚಹಾ ಕುಡಿದು ಬರುತ್ತಿದ್ದ.

ನಮ್ಮ ಮನೆಯಲ್ಲಿ ಇನ್ನೊಂದು ನಡೆ ಇತ್ತು. ಮಗ್ಗಕ್ಕೆ ಹೆಸರಿಡಬಾರದು, ಅಂದರೆ ಅದರ ಮೇಲೆ ತಪ್ಪು ಹೊರಿಸಬಾರದು. ನೂಲಿಗೆ ಬೈಯಬಹುದು, ಬಣ್ಣಕ್ಕೆ ಬೈಯಬಹುದು, ಸೀರೆ ಕೊಳ್ಳುವವನಿಗೆ ಮನಸ್ಸು ತಣಿಯುವ ತನಕ ಬೈಯಬಹುದು. ಆದರೆ ಮಗ್ಗದಿಂದ ಹೀಗಾಯಿತು ಎಂಬ ಮಾತು ಬಾಯಿಂದ ಬರಬಾರದು. ಬೆರಳು ಕೊಯ್ದರೆ ಕೈ ಜಾರಿತು ಎನ್ನಬೇಕು. ಕಣ್ಣು ಉರಿದರೆ ಧೂಳು ಬಿತ್ತು ಎನ್ನಬೇಕು. ಅಪ್ಪ ಇಪ್ಪತ್ತು ವರ್ಷ ಟೊಂಕದ ಮೇಲೆ ಕೈ ಇಟ್ಟುಕೊಂಡೇ ಓಡಾಡಿದ. ಕೇಳಿದವರಿಗೆಲ್ಲ ಒಂದೇ ಉತ್ತರ: “ರಾತ್ರಿ ಸರಿ ಮಲಗಿಲ್ಲ.” ಅವನಾದ ಮೇಲೆ ಅಣ್ಣನೂ ಅದನ್ನೇ ಹೇಳತೊಡಗಿದ.

“ಈ ಮನ್ಯಾಗ ಯಾರಿಗೂ ಮಲಗಾಕ ಬರಂಗಿಲ್ಲ ನೋಡ್ರಿ,” ಎಂದು ವೈನಿ, ಅಂದರೆ ಅಣ್ಣನ ಹೆಂಡತಿ, ನನ್ನ ಮುಂದೆ ನಗುತ್ತಿದ್ದರು. “ನಾ ಒಬ್ಬಾಕಿನ ಸರಿ ಮಲಗಾಕಿ.”

ಅಣ್ಣನಿಗೆ ನೋವು ಆರೇಳು ವರ್ಷ ಇತ್ತು. ಮೊದಲು ಟೊಂಕದಲ್ಲಿ, ಆಮೇಲೆ ಬಲಗಾಲಿನ ಹಿಂದಿನಿಂದ ಮೀನಖಂಡದವರೆಗೆ. ಮುಲಾಮು ಆಯಿತು, ಬೆಲ್ಟು ಆಯಿತು, ವ್ಯಾಯಾಮ ಆಯಿತು, ಬೆನ್ನಿಗೆ ಎರಡು ಸಲ ಇಂಜೆಕ್ಷನ್ ಆಯಿತು. ಕೊನೆಕೊನೆಗೆ ಅಣ್ಣ ಊಟಕ್ಕೆ ಕೂತರೆ ಏಳಲು ಗೋಡೆ ಹಿಡಿಯುತ್ತಿದ್ದ. ನಾನಾಗ ಬಾದಾಮಿಯಲ್ಲಿ ಕೆಲಸದ ಮೇಲಿದ್ದೆ. ಒಂದು ಶನಿವಾರ ರಜೆ ಹಾಕಿ, ಇಳಕಲ್ಲಿಗೆ ಹೋಗಿ, ಅವನನ್ನು ಬಸ್ಸಿನಲ್ಲಿ ಬಾಗಲಕೋಟೆಯ ದವಾಖಾನೆಗೆ ಕರೆದುಕೊಂಡು ಹೋದೆ. ಹುನಗುಂದ ದಾಟುವವರೆಗೆ ಅವನು ಕೂತಿದ್ದ. ಅಲ್ಲಿಂದ ಮುಂದೆ ಸೀಟಿನ ಕಂಬಿ ಹಿಡಿದು ನಿಂತೇ ಬಂದ.

ವೈದ್ಯರ ಕೋಣೆಯಲ್ಲಿ ರೋಗಿಗೆ ಒಂದೇ ಕುರ್ಚಿ ಇತ್ತು. ಅದರಲ್ಲಿ ಅಣ್ಣ ಕೂತ. ನಾನು ಬಾಗಿಲ ಪಕ್ಕದ ತೂಕದ ಯಂತ್ರದ ಹತ್ತಿರ ನಿಂತೆ. ವೈದ್ಯರು ನಮ್ಮ ಕಡೆಯವರೇ, ನಮ್ಮ ಹಾಗೆಯೇ ಮಾತಾಡುತ್ತಿದ್ದರು. ಅವಸರವಿರಲಿಲ್ಲ. ಸ್ಕ್ಯಾನಿನ ಚಿತ್ರಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಬ್ಯಾನಿ ಹೆಂಗ ಚಾಲೂ ಆತ್ರಿ?”

“ಸೀರಿ ಗಂಟು ಎತ್ತುವಾಗ ಟೊಂಕ ಹಿಡಕೊಂಡ್ತರಿ,” ಎಂದ ಅಣ್ಣ.

“ಕೆಲಸ ಏನ್ ಮಾಡ್ತೀರಿ?”

“ಸೀರಿ ಅಂಗಡ್ಯಾಗ ಇರ್ತೇನ್ರಿ.”

ಅವನು ತಡವರಿಸಲಿಲ್ಲ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಅವನ ಕುರ್ಚಿಯಿಂದ ಎರಡು ಹೆಜ್ಜೆ ಹಿಂದೆ ನಿಂತಿದ್ದೆ.

ವೈದ್ಯರು ಮೇಜಿನ ಮೇಲಿದ್ದ ಎರಡು ಗುಳಿಗೆಯ ಡಬ್ಬಿಗಳನ್ನು ಒಂದರ ಮೇಲೊಂದು ಇಟ್ಟು, ನಡುವೆ ಅಂಚೆಚೀಟಿ ಒದ್ದೆ ಮಾಡುವ ಸ್ಪಂಜು ಇಟ್ಟರು. “ಇವು ಎರಡು ಎಲುಬು ಅನ್ಕೋರಿ. ನಡುವ ಇದು ಗಾದಿ. ನಿಮ್ಮ ಗಾದಿ ಸವದು, ಹೊರಗ ಸರದು, ಕಾಲಿನ ನರಕ್ಕ ಒತ್ತೈತಿ. ಇದಕ್ಕ ಎರಡು ದಾರಿ ಅದಾವು.” ಸ್ಪಂಜು ತೆಗೆದು ಡಬ್ಬಿಗಳನ್ನು ಒಂದಕ್ಕೊಂದು ಒತ್ತಿ ಹಿಡಿದರು. “ಒಂದು, ಗಾದಿ ತಗದು ಎರಡೂ ಎಲುಬು ಕೂಡಸೂದು. ಆ ಜಾಗಾ ಮುಂದ ಎಂದೂ ಅಲುಗಾಡಂಗಿಲ್ಲ. ಅಲುಗಾಡಲಿಲ್ಲ ಅಂದ್ರ ಬ್ಯಾನಿ ಕಡಿಮಿ ಆಗ್ತೈತಿ. ಭಾಳ ಮಂದಿಗೆ ಮಾಡೇವಿ. ಮುಂದ ಎಂದರ ಮ್ಯಾಲಿನ ಗಾದಿಗೆ ಭಾರ ಬೀಳಬಹುದು, ಅದೊಂದು ಐತಿ.”

“ಇನ್ನೊಂದರಿ?” ಎಂದ ಅಣ್ಣ.

“ಇನ್ನೊಂದು, ಸವದ ಗಾದಿ ತಗದು ಅಲ್ಲಿ ಕೃತಕ ಡಿಸ್ಕ್ ಕೂಡಸೂದು. ಎಲುಬು ಮೊದಲಿನಂಗ ಬಗ್ಗಬೇಕು, ಹೊಳ್ಳಬೇಕು ಅಂತ. ಹೊಟ್ಟಿ ಕಡಿಂದ ಹೋಗಿ ಮಾಡ್ತಾರ. ಇಲ್ಲಿ ನಾವು ಮಾಡಂಗಿಲ್ಲ, ದೊಡ್ಡ ಊರಿಗೆ ಹೋಗಬೇಕು. ಎಲ್ಲಾರಿಗೂ ಬರೂದಿಲ್ಲ ಅದು. ಎಲುಬಿನ ಹಿಂದಿನ ಸಂದುಗಳು ಗಟ್ಟಿ ಇರಬೇಕು. ನಿಮ್ಮವು ಇನ್ನೂ ಅಷ್ಟು ಕೆಟ್ಟಿಲ್ಲ. ಆದ್ರ ಅದು ಕೆಟ್ಟರ ಮತ್ತ ತಗದು ಮಾಡೂದು ಭಾಳ ಕಠಿಣ. ಎರಡಕ್ಕೂ ನಾ ಖಾತ್ರಿ ಕೊಡಂಗಿಲ್ಲ.”

ಅಣ್ಣ ಆ ಡಬ್ಬಿಗಳನ್ನೇ ನೋಡುತ್ತಿದ್ದ. “ಕೂಡಿಸಿದ ಮ್ಯಾಲ ಬಗ್ಗಾಕ ಬರ್ತೈತೇನ್ರಿ?”

“ಟೊಂಕದಿಂದ ಪೂರಾ ಬರಂಗಿಲ್ಲ. ತೊಡಿ ಸಂದಿನಿಂದ ಬಗ್ಗೂದು ರೂಢಿ ಮಾಡ್ಕೋಬೇಕು. ದಿನಾ ತಾಸುಗಟ್ಲೆ ಬಗ್ಗಿ ಮಾಡೂ ಕೆಲಸ ಇದ್ರ ನಾ ಬ್ಯಾರೆ ವಿಚಾರ ಮಾಡ್ತಿದ್ದೆ. ಅಂಗಡ್ಯಾಗ ಗಿರಾಕಿಗೆ ಸೀರಿ ಬಿಚ್ಚಿ ತೋರಸಾಕ ಅಷ್ಟು ಸಾಕಲ್ಲ?”

“ಸಾಕ್ರಿ,” ಎಂದು ಅಣ್ಣ ನಕ್ಕ.

ವೈದ್ಯರು ಆಗ ನನ್ನ ಕಡೆ ನೋಡಿದರು. “ನೀವೇನಂತೀರಿ? ತಮ್ಮಾರಲ್ಲ?”

ಅದು ನನಗೆ ಸಿಕ್ಕ ಅವಕಾಶ. ಮೂರು ಮಾತು ಸಾಕಿತ್ತು: ಇವನು ಅಂಗಡಿಯವನಲ್ಲ, ನೇಕಾರ. ನಾನು ಹೇಳಿದ್ದು, “ಅಣ್ಣ ಹೆಂಗಂತಾನ ಹಂಗ್ರಿ.”

ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದೆ, “ಅಂಗಡಿ ಅಂತ ಯಾಕಂದಿ?”

ಅವನು ಕಿಟಕಿಯ ಹೊರಗೆ ನೋಡುತ್ತಿದ್ದ. “ಮತ್ತೇನನ್ಲಿ? ಅಪ್ಪ ಕುಂತ ಮಗ್ಗದ ಮ್ಯಾಲ ಕುಂತು ನಡಾ ಮುರಕೊಂಡೆ ಅಂತ ಗುರ್ತಿಲ್ಲದವರ ಮುಂದ ಹೇಳ್ಲೇನು?”

“ಡಾಕ್ಟರ್ ಮುಂದ ಹೇಳಿದ್ರ ಏನಾಗ್ತೈತಿ?”

“ನೀ ಸಾಲಿ ಕಲತಾಂವ. ನಿನಗ ಏನೂ ಆಗಂಗಿಲ್ಲ.”

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಜಗಳ ತೆಗೆದು ಮುಂದಿನ ನಿಲ್ದಾಣದಲ್ಲಿ ಇಳಿದು ಹಿಂದಕ್ಕೆ ಹೋಗಿ ವೈದ್ಯರಿಗೆ ಹೇಳುತ್ತಿದ್ದೆನೋ ಏನೋ. ಆಪರೇಶನ್‌ಗೆ ಮೂರು ವಾರವಿತ್ತು. ಆ ಮೂರು ವಾರವೂ ನನ್ನ ಜೇಬಿನಲ್ಲಿ ಫೋನಿತ್ತು, ಫೋನಿನಲ್ಲಿ ದವಾಖಾನೆಯ ನಂಬರಿತ್ತು. ದಿನ ಬಂತು. ಒಪ್ಪಿಗೆ ಪತ್ರದಲ್ಲಿ ಅಣ್ಣನ ಸಹಿಯ ಕೆಳಗೆ ನಾನೂ ಸಹಿ ಮಾಡಿದೆ.

ಆಪರೇಶನ್ ಚೆನ್ನಾಗಿಯೇ ಆಯಿತು. ಇದನ್ನು ಸ್ಪಷ್ಟವಾಗಿ ಬರೆಯಬೇಕು. ಎರಡನೆಯ ದಿನ ಅಣ್ಣನನ್ನು ಎಬ್ಬಿಸಿ ನಡೆಸಿದರು. ಕಾಲಿನ ಸೆಳೆತ ಹೋಗಿತ್ತು. ಮನೆಗೆ ಬಂದ ಮೇಲೆ ತಿಂಗಳುಗಟ್ಟಲೆ ಬೆಲ್ಟು ಹಾಕಿ ಓಣಿಯಲ್ಲಿ ಅಡ್ಡಾಡಿದ. ಗೋಡೆ ಹಿಡಿಯದೆ ಏಳತೊಡಗಿದ. ಪಕ್ಕದ ಮನೆಯ ಕಾಕಾ ದಿನಾ ಸಂಜೆ ಕಟ್ಟೆಯ ಮೇಲೆ ಕೂತು ಅವನನ್ನು ಕಾಡುತ್ತಿದ್ದರು. ನೂಲಿಗೆ ಬಣ್ಣ ಹಾಕುವುದು ಅವರ ಮನೆತನದ ಕೆಲಸ; ರಂಜಾನ್ ಹಬ್ಬದ ದಿನವೂ ಅವರ ಉಗುರಿನ ಸಂದಿಯಲ್ಲಿ ನೀಲಿ ಇರುತ್ತಿತ್ತು.

“ಲೇ, ಬೆನ್ನಾಗ ನಟ್ಟು ಬೋಲ್ಟು ಹಾಕ್ಯಾರಂತಲ್ಲ. ಬಿಚ್ಚೂ ಪಾನಾ ಇಸ್ಕೊಂಡು ಬಂದಿಯೋ ಇಲ್ಲೋ?”

“ಡಾಕ್ಟರ್ ಕಡೆನ ಇಟ್ಕೊಂಡಾರ ಕಾಕಾ.”

“ಮಳಿಗಾಲದಾಗ ತುಕ್ಕು ಹಿಡಿತಾವು, ಎಣ್ಣಿ ಬಿಟ್ಕೋತಾ ಇರು.”

ಅಣ್ಣ ನಗುತ್ತಿದ್ದ. ಆ ತಿಂಗಳುಗಳಲ್ಲಿ ಅವನು ನಕ್ಕಷ್ಟು ಹಿಂದೆಂದೂ ನಕ್ಕದ್ದು ನಾನು ಕಂಡಿಲ್ಲ. ನೋವು ಹೋದದ್ದಕ್ಕೆ ಅವನು ಕೊಟ್ಟ ಅರ್ಥ ಒಂದೇ, ಮಗ್ಗಕ್ಕೆ ಮರಳಿ ಕೂಡಬಹುದು ಎಂದು. ವೈದ್ಯರು ತಾಸುಗಟ್ಟಲೆ ಬಗ್ಗಿ ಮಾಡುವ ಕೆಲಸದ ಬಗ್ಗೆ ಆಡಿದ ಮಾತು ಅವನಿಗೆ ನೆನಪಿರಲಿಲ್ಲವೋ, ನೆನಪಿದ್ದೂ ಬದಿಗಿಟ್ಟಿದ್ದನೋ, ನಾನು ಕೇಳಲಿಲ್ಲ. ನನಗಂತೂ ನೆನಪಿತ್ತು.

ದಸರೆಗೆ ಮಗ್ಗವನ್ನು ತೊಳೆದು ಪೂಜೆ ಮಾಡಿದರು. ಅಣ್ಣನೇ ವಿಭೂತಿ ಹಚ್ಚಿದ. ಅವನು ಹಾಸಿಗೆಯಲ್ಲಿದ್ದಾಗ ಸೀರೆಯ ಮೈ ನೇಯುವುದನ್ನು ವೈನಿ ನೋಡಿಕೊಂಡಿದ್ದರು; ಕೊಂಡಿಗೆ ಮಾತ್ರ ಮೂರು ಮನೆ ಆಚೆಯಿಂದ ಒಬ್ಬರನ್ನು ಕರೆಸುತ್ತಿದ್ದರು. ಈ ಸಲ ವೈನಿ ಹೊಸ ಹಾಸು ಏರಿಸಿ ಕೊಂಡಿಯನ್ನು ಹಾಗೇ ಬಿಟ್ಟಿದ್ದರು. “ಸೋಮವಾರ ನಾನ ಹಾಕ್ತೇನಿ,” ಎಂದಿದ್ದ ಅಣ್ಣ. ಅದಕ್ಕೆ ನಾನೂ ಬಾದಾಮಿಯಿಂದ ಬಂದಿದ್ದೆ.

ಹತ್ತೂಕಾಲಿಗೆ ಅವನು ಅಂಚಿಗೆ ಬಂದು ನಿಂತ. ಅವ್ವ ಕಿಟಕಿಯ ಕೆಳಗೆ ರಾಟಿಯ ಮುಂದೆ ಕೂತಿದ್ದಳು, ತಿರುಗಿಸುತ್ತಿರಲಿಲ್ಲ. ವೈನಿ ಮಗ್ಗದ ಎಡಗಡೆ. ಕಾಕಾ ಹೊರಬಾಗಿಲಲ್ಲಿ, ಒಂದು ಕೈ ಚೌಕಟ್ಟಿನ ಮೇಲೆ.

ಅವ್ವ ನನ್ನನ್ನು ನೋಡಿದಳು. “ಹೊಸ್ತಿಲ ಮ್ಯಾಲ ನಿಂದ್ರಬ್ಯಾಡ. ಒಳಗರ ಬಾ, ಹೊರಗರ ಹೋಗು.”

ನಾನು ಕದಲಲಿಲ್ಲ.

ಅಣ್ಣ ಎಡಗೈಯಿಂದ ಕಂಬ ಹಿಡಿದು, ಬೆನ್ನು ನೆಟ್ಟಗೆ ಇಟ್ಟುಕೊಂಡೇ ಕೆಳಗೆ ಕೂತ. ಕಾಲು ಇಳಿಬಿಟ್ಟ. ಹಲಗೆ ತುಳಿದ, ಎಳೆಗಳು ಬಾಯಿ ತೆರೆದವು. ಲಾಳಿ ಎಸೆದ, ಹಿಡಿದ, ಮತ್ತೆ ಎಸೆದ. ಎಳೆಯನ್ನು ಒತ್ತಿ ಕೂಡಿಸುವ ಫಣಿ ಬಡಿದ ಸದ್ದು ಕೇಳಿ ಕಾಕಾ “ಆತಲ್ಲ ಮತ್ತ” ಎಂದರು. ವೈನಿಯ ಮುಖ ಅರಳಿದ್ದು ನನಗೆ ಕಂಡಿತು.

ಆಮೇಲೆ ಲಾಳಿ ಬದಿಗಿಟ್ಟು ಕೊಂಡಿಗೆ ಕೈ ಚಾಚಿದ.

ಅವನ ಮೈ ಹಲಗೆಯ ಹಾಗೆ ಇಡಿಯಾಗಿ ಮುಂದೆ ಬಂತು. ಸೊಂಟದಲ್ಲಿ ಬಾಗಲಿಲ್ಲ. ಎದೆ ತೊಲೆಯನ್ನು ಮುಟ್ಟಲಿಲ್ಲ. ಕೈಗಳು ನೀಳವಾದವು, ಬೆರಳು ನೀಳವಾದವು, ಕುಣಿಕೆಗಳ ಸಾಲಿಗೆ ನಾಲ್ಕು ಬೆರಳಷ್ಟು ಅಂತರದಲ್ಲಿ ನಿಂತವು. ಹಿಂದೆ ಸರಿದು ಉಸಿರು ತೆಗೆದುಕೊಂಡ. ಎರಡನೆಯ ಸಲ ಚಾಚಿದ. ಅಷ್ಟೇ ದೂರ. ಮೂರನೆಯ ಸಲ ಕಣ್ಣು ಮುಚ್ಚಿ, ತುಟಿ ಕಚ್ಚಿ, ಒಂದು ಭುಜವನ್ನು ಮುಂದೆ ಮಾಡಿ ಚಾಚಿದ. ಬಲಗೈಯ ನಡುಬೆರಳು ಒಂದು ಎಳೆಗೆ ತಾಗಿತು. ಎಳೆ ಅಲುಗಿತು. ಬೆರಳು ಬಿಟ್ಟುಹೋಯಿತು.

ತೊಲೆಯನ್ನು ಹಿಂದಕ್ಕೆ ಸರಿಸಬಹುದಲ್ಲ, ಕುಣಿಯಲ್ಲಿ ಮಣ್ಣು ತುಂಬಿ ಮೇಲೆ ಮಾಡಬಹುದಲ್ಲ ಎಂದು ನನ್ನ ತಲೆ ಓಡುತ್ತಿತ್ತು. ಅಳೆಯುವವನ ತಲೆ ಹಾಗೇ ಓಡುತ್ತದೆ. ಆದರೆ ಒಂದು ಸಲ ಮುಟ್ಟಿದರೆ ಮುಗಿಯುವ ಕೆಲಸವಲ್ಲ ಕೊಂಡಿ. ಅರ್ಧ ದಿನ ಅಲ್ಲಿಯೇ ಇರಬೇಕು.

ಅಣ್ಣ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡ. ಹಣೆ ಒದ್ದೆಯಾಗಿತ್ತು. ಆಮೇಲೆ, ಯಾರನ್ನೂ ನೋಡದೆ ಹೇಳಿದ:

“ರಾತ್ರಿ ಸರಿ ಮಲಗಿಲ್ಲ.”

ವೈನಿ ನಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತಿದ್ದರು. ಅವ್ವ ರಾಟಿ ತಿರುಗಿಸಲು ಶುರು ಮಾಡಿದಳು. ಅದರಲ್ಲಿ ನೂಲಿರಲಿಲ್ಲ.

ಅವನಿಗೆ ತಾನಾಗಿ ಮೇಲೆ ಬರಲಾಗಲಿಲ್ಲ. ಕಾಕಾ ಚಪ್ಪಲಿ ಬಿಟ್ಟು ಒಳಗೆ ಬಂದರು. ನಾನು ಹೊಸ್ತಿಲಿನಿಂದ ಇಳಿದೆ. ಒಂದೊಂದು ಕಂಕುಳಿಗೆ ಒಬ್ಬೊಬ್ಬರು ಕೈ ಕೊಟ್ಟು ಎತ್ತಿದೆವು. ಕಾಕಾ ಏನೂ ಚೇಷ್ಟೆ ಮಾಡಲಿಲ್ಲ. “ಸಾವಕಾಶ, ಬೇಟಾ,” ಎಂದಷ್ಟೇ ಅಂದರು. ಅಣ್ಣ ನಿಂತ ಮೇಲೆ ಮಗ್ಗದ ತೊಲೆಯನ್ನು ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಂಡ, ಅಪ್ಪ ದಿನಾ ಕೆಲಸ ಮುಗಿಸಿ ಏಳುವಾಗ ಮಾಡುತ್ತಿದ್ದ ಹಾಗೆ. ಆಗ ಹತ್ತೂಮುಕ್ಕಾಲು.

ವರ್ಷದ ತಪಾಸಣೆಗೆ ಅಣ್ಣನ ಜೊತೆ ಮತ್ತೆ ಬಾಗಲಕೋಟೆಗೆ ಹೋದೆ. ವೈದ್ಯರು ಎಕ್ಸ್‌ರೇ ನೋಡಿ, ಎಲುಬು ಚಲೋ ಕೂಡಿದೆ ಎಂದರು. ಅಣ್ಣನನ್ನು ಹೊರಗೆ ಕೂರಿಸಿ ನಾನು ಒಬ್ಬನೇ ಒಳಗೆ ಹೋದೆ. ಅದೇ ತೂಕದ ಯಂತ್ರದ ಪಕ್ಕ ನಿಂತು, ಒಂದು ವರ್ಷ ತಡವಾಗಿ, ಹೇಳಬೇಕಾದದ್ದನ್ನು ಹೇಳಿದೆ.

ಅವರು ಪೆನ್ನು ಕೆಳಗಿಟ್ಟರು.

“ಆಗ ಹೇಳಿದ್ರ, ಅವರನ್ನ ಒಂದು ಸಲ ಆ ದೊಡ್ಡ ಊರಿನ ಡಾಕ್ಟರ್ ಕಡೆ ಕಳಿಸಿ ಕೇಳ್ತಿದ್ದೆ. ಅವರು ಹೂಂ ಅಂತಿದ್ರೋ ಇಲ್ಲೋ ನಾ ಹೇಳಂಗಿಲ್ಲ. ಡಿಸ್ಕ್ ಹಾಕಿದ್ರೂ ಅಷ್ಟು ತಾಸು ಬಗ್ಗೂದು ಆಗ್ತಿತ್ತು ಅಂತನೂ ಹೇಳಂಗಿಲ್ಲ. ಮಗ್ಗಕ್ಕ ಕೂಡಬ್ಯಾಡ್ರಿ ಅಂತನ ಹೇಳ್ತಿದ್ದೆನೋ ಏನೋ.” ಪೆನ್ನನ್ನು ಮತ್ತೆ ಎತ್ತಿಕೊಂಡು ಹೇಳಿದರು, “ಆದ್ರ ಕೇಳ್ತಿದ್ದೆ.”

ಈ ಮಾತನ್ನು ಅಣ್ಣನಿಗೆ ನಾನು ಇಂದಿಗೂ ಹೇಳಿಲ್ಲ. ಹೊರಗೆ ಬಂದಾಗ “ಏನಂದ್ರು?” ಎಂದು ಕೇಳಿದ. “ಎಲ್ಲಾ ಚಲೋ ಐತಂತ,” ಎಂದೆ. ಅದು ಸುಳ್ಳಲ್ಲ. ಬೇರೆ ಡಿಸ್ಕ್ ಹಾಕಿಸಿದ್ದರೆ ಅವನ ಬೆರಳು ಆ ನಾಲ್ಕು ಬೆರಳಿನ ದೂರವನ್ನು ದಾಟುತ್ತಿತ್ತು ಎಂದು ನಾನು ಬರೆಯುವುದಿಲ್ಲ. ಅದು ನನಗೆ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. ಕೇಳಬಹುದಾಗಿದ್ದ ಒಂದು ಪ್ರಶ್ನೆಯನ್ನು ಕೇಳದೆ ಹೋದೆವು, ಅದಕ್ಕೆ ನಾನು ಕಾರಣ ಎಂಬುದಷ್ಟೇ ಗೊತ್ತು. ಅಣ್ಣ ಮಗ್ಗದ ಮಾನ ಕಾಯಲು ಸುಳ್ಳು ಹೇಳಿದ. ನಾನು ಯಾವುದರ ಮಾನ ಕಾಯಲು ಸುಮ್ಮನಿದ್ದೆ ಎಂದು ಎಷ್ಟು ಯೋಚಿಸಿದರೂ ಸಿಗುವುದಿಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ಅವನು ಇಳಿದ ಕುಣಿಗೆ ನಾನು ಇಳಿಯಲಿಲ್ಲ. ಅದರ ಬಗ್ಗೆ ಬೇರೆಯವರ ಮುಂದೆ ಮಾತಾಡಲು ನನಗೆ ನಾಚಿಕೆಯಾಗಿತ್ತು. ಅಷ್ಟೇ ಇರಬಹುದು.

ಈಗ ಅಣ್ಣ ಇಳಕಲ್ಲಿನ ಬಜಾರದಲ್ಲಿ ಒಂದು ಸೀರೆ ಅಂಗಡಿಯಲ್ಲಿ ಇರುತ್ತಾನೆ. ವೈದ್ಯರಿಗೆ ಹೇಳಿದ ಕೆಲಸವೇ ಅವನ ಕೆಲಸವಾಗಿದೆ. ಎತ್ತರದ ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಇಟ್ಟು ಕೂಡುತ್ತಾನೆ. ಗಿರಾಕಿಗೆ ಸೀರೆ ಬಿಚ್ಚಿ ತೋರಿಸಲು ಅವನ ಬೆನ್ನು ಸಾಕಾಗುತ್ತದೆ. ಹೋದ ತಿಂಗಳು ನಾನು ಅಲ್ಲಿಗೆ ಹೋದಾಗ ಒಬ್ಬ ಹೆಣ್ಣುಮಗಳು, “ಇದು ಖರೆ ಇಳಕಲ್ಲಿಂದೋ, ಮಷೀನಿಂದೋ?” ಎಂದು ಕೇಳುತ್ತಿದ್ದಳು. ಅಣ್ಣ ಸೀರೆಯನ್ನು ಮಗುಚಿ, ಮೈಯೂ ಸೆರಗೂ ಕೂಡುವ ಜಾಗವನ್ನು ಬೆರಳಿನಿಂದ ಸವರಿ ತೋರಿಸಿದ. “ಇಲ್ಲಿ ನೋಡ್ರಿ ತಂಗಿ. ಇದು ಕೈಲೆ ಕೂಡಿಸಿದ್ದು.” ಬೆರಳು ಅಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಇತ್ತು.

ಆ ಸೋಮವಾರ ಮಗ್ಗದ ಕೋಣೆಯಲ್ಲಿ ನಾವು ಐದು ಜನ ಇದ್ದೆವು. ಅವ್ವ ಹೋದ ವರ್ಷ ತೀರಿಕೊಂಡಳು. ಉಳಿದವರಲ್ಲಿ ಕಾಕಾ ಇದ್ದಾರೆ. ಕಣ್ಣು ಮಂಜಾಗಿ ಬಣ್ಣದ ಕೆಲಸ ಬಿಟ್ಟಿದ್ದಾರೆ, ಸಂಜೆ ಕಟ್ಟೆಗೆ ಬರುತ್ತಾರೆ, ಪಾನಾದ ಮಾತು ಆಮೇಲೆ ಎಂದೂ ಆಡಲಿಲ್ಲ. ವೈನಿ ಇದ್ದಾರೆ, ಆ ಕುಣಿಯಲ್ಲಿ ಈಗ ಅವರೇ ಕೂಡುತ್ತಾರೆ, ಈಚೆಗೆ ಏಳುವಾಗ ಟೊಂಕದ ಮೇಲೆ ಕೈ ಇಟ್ಟುಕೊಳ್ಳುವುದನ್ನು ನಾನು ಎರಡು ಸಲ ಕಂಡೆ. ಅಣ್ಣ ಇದ್ದಾನೆ.